ಅರ್ಧ ಬ್ಲೇಡು

ಇಪ್ಪತ್ತೊಂದನೆಯ ಗುಂಡಿ ಹೊಲಿದು, ದಾರವನ್ನು ಗುಂಡಿಯ ಬುಡಕ್ಕೆ ಮೂರು ಸುತ್ತು ಸುತ್ತಿ ಗಂಟು ಹಾಕಿ, ಅವಳು ತಲೆ ಎತ್ತದೆ ಬಲಗೈ ಚಾಚಿದಳು. ಕತ್ತರಿ ಇರಬೇಕಾದ ಜಾಗದಲ್ಲಿ ಬರಿಯ ಮೇಜಿತ್ತು. ಅಲ್ಲಿ ಕತ್ತರಿ ಇಲ್ಲದೆ ನಾಲ್ಕು ತಿಂಗಳಾಗಿತ್ತು. ಕೈಗೆ ಮಾತ್ರ ಅದು ಇನ್ನೂ ಗೊತ್ತಾಗಿರಲಿಲ್ಲ. ಸುತ್ತ ನೋಡಿ, ದಾರವನ್ನು ಹಲ್ಲಿನಲ್ಲಿ ಕಡಿದಳು.

"ಕಂಡೆ, ಕಂಡೆ," ಎಂದರು ಯಜಮಾನಿ, ಇಸ್ತ್ರಿ ಪೆಟ್ಟಿಗೆಯ ಹಬೆಯ ಆಚೆಯಿಂದ. "ಕೂಗಿದ್ರೆ ಬಂದು ಕತ್ತರಿಸಿ ಕೊಡ್ತಿರ್ಲಿಲ್ವಾ? ಹಲ್ಲು ಉದುರಿದ್ಮೇಲೆ ಅದಕ್ಕೂ ನಾನೇ ಹೊಣೆ ಅಂತೀಯಾ."

"ಒಂದೊಂದು ಗುಂಡಿಗೂ ಕೂಗಿದ್ರೆ ನಿಮ್ಮ ಕಾಲು ಉದುರುತ್ತೆ ದೊಡ್ಡಕ್ಕ."

"ಬಾಯಿ ನೋಡು!"

ಅಂಗಡಿಯಲ್ಲಿ ಎಲ್ಲರೂ ಯಜಮಾನಿಯನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವರು ಅವಳನ್ನು ಸೂಜಿ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಕೆಲಸ ಕೇಳಿಕೊಂಡು ಬಂದ ದಿನ ಅವಳು ಅಷ್ಟು ತೆಳ್ಳಗಿದ್ದಳಂತೆ. ಉದ್ದನೆಯ ಕೋಣೆ, ಎರಡು ಮೇಜು, ನಾಲ್ಕು ಯಂತ್ರ, ಗೋಡೆಯುದ್ದಕ್ಕೂ ಕಬ್ಬಿಣದ ಕಂಬಿಗೆ ನೇತುಹಾಕಿದ ಸಮವಸ್ತ್ರಗಳು. ಹೊಸದನ್ನು ಹೊಲಿಯುವುದು ಕಡಿಮೆ, ಹಳೆಯದನ್ನು ಬಿಗಿ ಮಾಡುವುದು, ಸಡಿಲ ಮಾಡುವುದು ಹೆಚ್ಚು. ಒಂದು ಕಾಲದಲ್ಲಿ ಕೋಟು ಬಿಚ್ಚಿ ಮತ್ತೆ ಕೂಡಿಸುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಈಗ ಅವಳಿಗೆ ಕೊಡುತ್ತಿದ್ದುದು ಗುಂಡಿ, ಕೊಕ್ಕೆ, ಅಂಚು. ಸೂಜಿ ಹಿಡಿಯಬಹುದು. ಹರಿತವಾದದ್ದೆಲ್ಲ ಯಜಮಾನಿಯ ಏಪ್ರನ್ನಿನ ಜೇಬಿನಲ್ಲಿ.

ಇಪ್ಪತ್ತೆರಡನೆಯ ಗುಂಡಿಗೆ ದಾರ ಪೋಣಿಸುವಾಗ ಅವಳ ಪಾದ ಸ್ಟೂಲಿನ ಕೆಳಗಿದ್ದ ಚೀಲಕ್ಕೆ ತಗುಲಿತು. ಬೆಳಿಗ್ಗೆಯಿಂದ ಹತ್ತು ಸಲವಾದರೂ ತಗುಲಿತ್ತು. ಚೀಲದಲ್ಲಿ ಗಂಡನ ಬೂದು ಬಣ್ಣದ ಕೋಟಿತ್ತು. ಯಜಮಾನಿಗೆ ಕೊಡಬೇಕು. ಕೊಟ್ಟಿರಲಿಲ್ಲ.

ಆ ಕೋಟಿನೊಳಗೆ ಒಂದು ಚೀಟಿ ಇದೆಯೋ ಇಲ್ಲವೋ ಎಂಬುದು ಅವಳಿಗೆ ತಿಳಿಯಬೇಕಾಗಿತ್ತು. ಇದ್ದರೆ ಅವಳ ತಲೆ ಸರಿಯಾಗಿದೆ. ಇಲ್ಲದಿದ್ದರೆ ಮನೆಯವರು ಹೇಳುವುದೇ ಸರಿ.

*

ಶುರುವಾದದ್ದು ಹಾಲಿನಿಂದ. ಮಗಳಿಗೆ ಹದಿನಾರು ತುಂಬಿದ ವರ್ಷ ಅವಳ ಎದೆಯಲ್ಲಿ ಹಾಲು ಜಿನುಗತೊಡಗಿತು. ಮುಟ್ಟು ನಿಂತು ಆಗಲೇ ಎಂಟು ತಿಂಗಳಾಗಿತ್ತು. ಯಾರಿಗೆ ಹೇಳುವುದು? ಅಂಗಡಿಯ ಚೂರುಬಟ್ಟೆಗಳನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟುಕೊಂಡು ಎರಡು ವರ್ಷ ತಳ್ಳಿದಳು. ಆಮೇಲೆ ತಲೆನೋವು. ಆಮೇಲೆ ಬಾಗಿಲ ಚೌಕಟ್ಟುಗಳು ತಾವಾಗಿಯೇ ಬಂದು ಭುಜಕ್ಕೆ ಬಡಿಯತೊಡಗಿದವು. "ಕಣ್ಣು ಎಲ್ಲಿಟ್ಟಿರ್ತೀಯಾ?" ಎನ್ನುತ್ತಿದ್ದ ಗಂಡ. ಪಕ್ಕದಲ್ಲಿ ನಿಂತವರು ಅವಳ ಪಾಲಿಗೆ ಇರುತ್ತಲೇ ಇರಲಿಲ್ಲ. ಎದುರಿಗೆ ಬಂದರೆ ಮಾತ್ರ ಇದ್ದರು.

ಗಂಡನೇ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದ, ಅದನ್ನು ಇಲ್ಲವೆನ್ನುವಂತಿಲ್ಲ. ಎರಡೂ ಕಣ್ಣಿಗೆ ಹನಿ ಹಾಕಿ ಗಂಟೆಗಟ್ಟಲೆ ಕೂರಿಸಿದ್ದರು. ಪಾಪೆ ಹಿಗ್ಗಿ, ಬೆಳಕು ಚುಚ್ಚಿ, ಅಕ್ಷರವೆಲ್ಲ ಕರಗಿಹೋಗಿತ್ತು. "ಚೀಟಿ ಬರೆದಿದ್ದೀನಿ, ಅದರಂತೆ ಮಾಡಿ," ಎಂದು ಡಾಕ್ಟರು ಮುಂದಿನವರನ್ನು ಕರೆದರು. ಹೊರಗೆ ಬಂದು, "ಏನು ಬರೆದಿದಾರೆ ರೀ?" ಎಂದು ಕೇಳಿದಳು. ಗಂಡ ಚೀಟಿಯನ್ನು ಓದಿ, ಕೋಟಿನ ಒಳಜೇಬಿಗಿಟ್ಟು, "ಕನ್ನಡಕ ಬದಲಾಯಿಸ್ಬೇಕಂತೆ, ಅಷ್ಟೇ," ಎಂದ. ಆ ವಾರವೇ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಎತ್ತಲು, ತೊಳೆಯಲು, ತಿರುಗಿಸಿ ಮಲಗಿಸಲು ಮನೆಯಲ್ಲಿ ಒಂದು ಹೆಣ್ಣು ಬೇಕಾಗಿತ್ತು.

ಹೊಸ ಕನ್ನಡಕ ಬಂತು. ಚೌಕಟ್ಟುಗಳು ಬಡಿಯುತ್ತಲೇ ಇದ್ದವು. ಒಂದು ವರ್ಷ ಎರಡು ತಿಂಗಳ ಮೇಲೆ, ಅತ್ತೆ ಕೋಲು ಹಿಡಿದು ನಡೆದಾಡುವಂತಾದ ಮೇಲೆ, ಅವಳು ರಸ್ತೆಯಲ್ಲಿ ಎಡಗಡೆಯಿಂದ ಬಂದ ಸೈಕಲ್ಲು ಕಾಣದೆ ಅದಕ್ಕೆ ಸಿಕ್ಕಿ ಬಿದ್ದಳು. ಆಸ್ಪತ್ರೆಯವರು ತಲೆಯ ಸ್ಕ್ಯಾನ್ ಮಾಡಿದರು. ಮೆದುಳಿನ ಬುಡದಲ್ಲಿ ಒಂದು ಸಣ್ಣ ಗ್ರಂಥಿ ಇದೆಯಂತೆ, ಅದರಲ್ಲಿ ಗೆಡ್ಡೆ, ಹುಣಸೆ ಬೀಜಕ್ಕಿಂತ ದೊಡ್ಡದು. ಹಾಲು ಬರಿಸುವ ಹಾರ್ಮೋನನ್ನು ಅದು ಸುರಿಸುತ್ತಿತ್ತು, ಜೊತೆಗೆ ಕಣ್ಣಿನ ನರವನ್ನು ಒತ್ತುತ್ತಿತ್ತು. ಕ್ಯಾನ್ಸರ್ ಅಲ್ಲ, ಆಪರೇಷನ್ ಕೂಡ ಸದ್ಯಕ್ಕೆ ಬೇಡ, ವಾರಕ್ಕೆ ಎರಡು ಸಲ ಮಾತ್ರೆ ಸಾಕು ಎಂದರು ಗ್ರಂಥಿಗಳ ಡಾಕ್ಟರು, ಅವಳದೇ ವಯಸ್ಸಿನ ಹೆಂಗಸು. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, "ಒಂದು ವರ್ಷ ಮುಂಚೆ ಬಂದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದ್ದರು.

ಮಾತ್ರೆ ಕೆಲಸ ಮಾಡಿತು. ಮೊದಲ ಎರಡು ತಿಂಗಳು ಹೊಟ್ಟೆ ತೊಳಸುತ್ತಿತ್ತು, ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಆಮೇಲೆ ಹಾಲು ನಿಂತಿತು. ಬಲಗಣ್ಣು ಪೂರ್ತಿ ಮರಳಿತು. ಎಡಗಣ್ಣಿನ ಹೊರಬದಿ ಮಾತ್ರ ಕತ್ತಲಾಗಿಯೇ ಉಳಿಯಿತು.

ಮಾತ್ರೆಯ ಎರಡನೆಯ ವರ್ಷ ಹೊಲಿಗೆ ಬಿಚ್ಚುವುದು ಶುರುವಾಯಿತು.

ಮೊದಲು ಒಂದು ದಿಂಬಿನ ಹೊದಿಕೆ. ಹೊಲಿಗೆ ಸ್ವಲ್ಪ ಸೊಟ್ಟಗಿತ್ತು, ಬಿಚ್ಚಿ ಮತ್ತೆ ಹಾಕಿದಳು. ಆಮೇಲೆ ಮನೆಯ ದಿಂಬುಗಳೆಲ್ಲ, ಪರದೆಗಳು, ಗಂಡನ ಪ್ಯಾಂಟುಗಳು. ದರ್ಜಿಗಳು ಬ್ಲೇಡನ್ನು ಉದ್ದಕ್ಕೆ ಎರಡಾಗಿ ಮುರಿದು ಅರ್ಧವನ್ನು ಬೆರಳ ನಡುವೆ ಹಿಡಿಯುತ್ತಾರೆ. ಆ ಅರ್ಧ ಬ್ಲೇಡಿನ ತುದಿ ದಾರಕ್ಕೆ ತಾಗಿ, ಟಿಕ್ ಎಂದು ಹೊಲಿಗೆ ಬಿಡುವಾಗ ಅವಳೊಳಗೆ ಏನೋ ಸಿಹಿಯಾಗಿ ಸಡಿಲವಾಗುತ್ತಿತ್ತು. ಅಂಥ ಸುಖವನ್ನು ಅವಳು ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಹೇಳಿದರೆ ನಗುತ್ತಾರೆ. ಮನೆಯವರೂ ಮೊದಮೊದಲು ಮೆಚ್ಚಿಕೊಂಡರು. "ಮಾತ್ರೆ ತಗೊಂಡ್ಮೇಲೆ ಎಷ್ಟು ಚುರುಕಾಗಿದಾಳೆ!" ಎಂದರು ಅತ್ತೆ.

ಯಜಮಾನಿ ತಂಗಿಯ ಮನೆಗೆಂದು ಎರಡು ದಿನ ಹೋಗಿದ್ದಾಗ, ಒಂದು ಶಾಲೆಯ ಬ್ಯಾಂಡಿನ ಇಪ್ಪತ್ತಾರು ಕೋಟು ಇಸ್ತ್ರಿಯಾಗಿ ಕಂಬಿಯಲ್ಲಿ ತೂಗುತ್ತಿದ್ದವು. ಮರುದಿನ ಕೊಡಬೇಕಾದವು. ಒಂದರ ಕಾಲರು ಒಂದು ನೂಲಿನಷ್ಟು ವಾಲಿದಂತೆ ಅವಳಿಗೆ ಕಂಡಿತು. ಯಜಮಾನಿ ಬಂದು ನೋಡಿದಾಗ ಕಂಬಿ ಖಾಲಿ. ಮೇಜಿನ ಮೇಲೆ ಐವತ್ತೆರಡು ತೋಳು ಒಂದು ಕಡೆ, ಇಪ್ಪತ್ತಾರು ಕಾಲರು ಒಂದು ಕಡೆ, ಬೆನ್ನುಗಳು, ಎದೆಗಳು, ಜೇಬುಗಳು, ಎಲ್ಲ ಅಂಚಿಗೆ ಅಂಚು ಕೂಡಿಸಿ ಇಟ್ಟ ರಾಶಿ. ನಡುವೆ ಅವಳು ಕೂತು ನಗುತ್ತಿದ್ದಳು. "ಈಗ ಸರಿಯಾಗಿ ಹೊಲೀಬಹುದು ದೊಡ್ಡಕ್ಕ," ಎಂದಳಂತೆ.

*

ಚೀಟಿ ಸಿಕ್ಕಿದ್ದು ಅದಕ್ಕೆ ಒಂದು ವಾರ ಮುಂಚೆ, ಮನೆಯಲ್ಲಿ, ಈ ಬೂದು ಕೋಟಿನ ಲೈನಿಂಗು ಬಿಚ್ಚಿದಾಗ. ಒಳಜೇಬಿನ ಮೂಲೆ ಹರಿದಿದ್ದರೆ ಅದರಲ್ಲಿಟ್ಟದ್ದು ಲೈನಿಂಗಿನೊಳಗೆ ಜಾರಿ ಕೆಳಗಿನ ಅಂಚಿಗೆ ಹೋಗಿ ಕೂರುತ್ತದೆ. ಬಾಚಣಿಗೆ, ಬಸ್ಸಿನ ಟಿಕೇಟು, ಪ್ರೇಮಪತ್ರ, ಒಮ್ಮೆ ಒಬ್ಬರ ಕಟ್ಟಿಸಿದ ಹಲ್ಲು ಕೂಡ ಅಂಗಡಿಯಲ್ಲಿ ಸಿಕ್ಕಿತ್ತು. ಇದಕ್ಕೆ ಅಂಗಡಿಯಲ್ಲಿ ಒಂದು ನಿಯಮವಿದೆ. ಸಿಕ್ಕಿದ್ದನ್ನು ಓದಬಾರದು, ಇಟ್ಟುಕೊಳ್ಳಬಾರದು. ಕವರಿಗೆ ಹಾಕಿ ಬಟ್ಟೆಗೇ ಪಿನ್ನು ಮಾಡಿ, ಪುಸ್ತಕದಲ್ಲಿ ಬರೆದು, ವಾರಸುದಾರರಿಗೆ ಒಪ್ಪಿಸಬೇಕು.

ಅವಳು ಓದಿದಳು. ಕಣ್ಣಿನ ಡಾಕ್ಟರ ಚೀಟಿ. ಓದಿದ್ದು ನೆನಪಿದೆ. ಆಮೇಲೆ ಕೈ ಏನು ಮಾಡಿತೆಂಬುದೂ ನೆನಪಿದೆ. ಹತ್ತೊಂಬತ್ತು ವರ್ಷದ ನಿಯಮ ರೂಢಿಯಾದ ಕೈ ಅದು. ಮನೆಯಲ್ಲಿ ಕವರಿರಲಿಲ್ಲ, ಪಿನ್ನಿರಲಿಲ್ಲ. ಬಟ್ಟೆಯದು ಬಟ್ಟೆಗೇ ಎಂದು ಚೀಟಿಯನ್ನು ಇದ್ದಲ್ಲಿಯೇ ಇಟ್ಟು ಲೈನಿಂಗನ್ನು ಮತ್ತೆ ಹೊಲಿದುಬಿಟ್ಟಳು. ಹೊಲಿಗೆ ಅಷ್ಟು ಸೊಗಸಾಗಿ ಬೀಳುತ್ತಿತ್ತು, ನಿಲ್ಲಿಸಲು ಮನಸ್ಸೇ ಬರಲಿಲ್ಲ.

ಮೂರು ದಿನದ ಮೇಲೆ ನಾದಿನಿಯ ಹೊಸ ಮನೆ ನೋಡಲು ನೆಂಟರೆಲ್ಲ ಸೇರಿದ್ದರು. "ನನ್ ಹೆಂಡ್ತಿ ಈಗಲೂ ಗೋಡೆಗೆ ದಾರಿ ಬಿಡು ಅಂತಾಳೆ," ಎಂದು ಗಂಡ ನಗೆಚಾಟಿಕೆ ಮಾಡಿದ. ಎಲ್ಲರೂ ನಕ್ಕರು. ಅವಳು ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಹನಿ ಹಾಕಿದ ಕಣ್ಣು, ಅವನು ಓದಿದ ಚೀಟಿ, ಕನ್ನಡಕ, ಹದಿನಾಲ್ಕು ತಿಂಗಳು. ಎಂದೂ ದನಿ ಎತ್ತದವಳ ದನಿ ಮೂರು ಕೋಣೆ ದಾಟಿತ್ತು.

"ಯಾವ ಚೀಟಿ?" ಎಂದ ಗಂಡ. ಮೈಮೇಲಿದ್ದ ಅದೇ ಕೋಟಿನ ಜೇಬುಗಳನ್ನೆಲ್ಲ ಹೊರಕ್ಕೆ ಎಳೆದ. ಒಂದು ಕರವಸ್ತ್ರ, ಒಂದು ಬೀಗದ ಕೈ. "ನೋಡಿ, ಎಲ್ರೂ ನೋಡಿ. ಎಲ್ಲಿದೆ?"

"ಜೇಬಲ್ಲಿಲ್ಲ. ಲೈನಿಂಗ್ ಒಳಗಿದೆ. ಒಂದು ಬ್ಲೇಡು ಕೊಡಿ, ಈಗ್ಲೇ ತೋರಿಸ್ತೀನಿ."

ನಾದಿನಿ ಮೆಲ್ಲಗೆ ಎದ್ದು, ಹಣ್ಣಿನ ತಟ್ಟೆಯ ಪಕ್ಕದಲ್ಲಿದ್ದ ಚಾಕುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಬಂದು, ಮಗುವಿನೊಡನೆ ಆಡುವ ದನಿಯಲ್ಲಿ, "ಅತ್ತಿಗೆ, ಮೊದ್ಲು ಸ್ವಲ್ಪ ನೀರು ಕುಡೀರಿ," ಎಂದಳು.

ಮತ್ತೆ ನಾಲ್ಕು ದಿನಕ್ಕೆ ಇಪ್ಪತ್ತಾರು ಕೋಟಿನ ಸುದ್ದಿ. ಅಲ್ಲಿಗೆ ಎಲ್ಲರಿಗೂ ಎಲ್ಲ ಅರ್ಥವಾಯಿತು.

"ತಪ್ಪು ನಂದೂ ಇದೆ," ಎಂದಿದ್ದರು ಗ್ರಂಥಿಗಳ ಡಾಕ್ಟರು, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು. "ಮಾತ್ರೆ ಶುರು ಮಾಡುವಾಗಲೇ ಎಚ್ಚರಿಸ್ಬೇಕಿತ್ತು. ಈ ಮಾತ್ರೆಗೆ ಎಲ್ಲೋ ಕೆಲವರಲ್ಲಿ ಮನಸ್ಸಿನ ಲಗಾಮು ತಪ್ಪುತ್ತೆ. ಒಬ್ಬೊಬ್ರು ಜೂಜಾಡ್ತಾರೆ, ಒಬ್ಬೊಬ್ರು ಕಂಡಿದ್ದೆಲ್ಲ ಕೊಳ್ತಾರೆ. ಇವ್ರು ಹೊಲಿಗೆ ಬಿಚ್ಚಿದಾರೆ. ಅದನ್ನ ಇವರ ತಲೆಗೆ ಕಟ್ಟಬೇಡಿ. ಅದು ಔಷಧಿ ಕೆಲಸ."

"ಡಾಕ್ಟ್ರೇ, ಇಲ್ಲದ್ದು ಇದೆ ಅನ್ನಿಸೋದೂ ಉಂಟಾ?" ಎಂದು ಕೇಳಿದ್ದ ಗಂಡ.

"ತೀರಾ ಅಪರೂಪ. ಇಲ್ಲ ಅನ್ನೋಕಾಗಲ್ಲ."

ಅಪರೂಪ ಎಂಬ ಮಾತನ್ನು ಅವನು ಆಸ್ಪತ್ರೆಯಲ್ಲಿಯೇ ಬಿಟ್ಟು ಉಳಿದದ್ದನ್ನು ಮನೆಗೆ ತಂದ. ಅವಳನ್ನು ಕ್ಷಮಿಸಲಾಯಿತು. ನಾದಿನಿ ಫೋನು ಮಾಡಿ ಕ್ಷಮಿಸಿದಳು. ಅತ್ತೆ ತಲೆ ನೇವರಿಸಿ ಕ್ಷಮಿಸಿದರು. ಗಂಡ ಮನೆಗೆ ಬಂದವರ ಮುಂದೆಲ್ಲ, "ಪಾಪ, ಅವಳೇನು ಮಾಡ್ತಾಳೆ, ಮಾತ್ರೆ ಮಾತಾಡ್ತು," ಎಂದು ದೊಡ್ಡಮನಸ್ಸು ಮಾಡಿದ. ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಕ್ಷಮಿಸಿದವರ ಎದುರು ಏನು ಮಾಡುವುದು?

ಮಗಳು ಮನೆಯ ಬ್ಲೇಡು, ಕತ್ತರಿಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಬೀಗ ಹಾಕಿದಳು. "ನಿನ್ ಒಳ್ಳೇದಕ್ಕೇ ಅಮ್ಮ," ಎಂದಳು. ಅಪ್ಪನನ್ನು ಅವಳು ನಂಬಿದ್ದಳು. ಅಪ್ಪ ಜೇಬು ತೋರಿಸಿದ್ದ, ಅಮ್ಮ ಬ್ಲೇಡು ಕೇಳಿದ್ದಳು. ಮಾತ್ರೆ ನಿಲ್ಲಿಸಿದರು. ಬಿಚ್ಚುವ ಚಪಲ ಆರು ವಾರದಲ್ಲಿ ಜ್ವರ ಇಳಿದಂತೆ ಇಳಿದುಹೋಯಿತು. ಇನ್ನು ಒಂದು ಹೊಲಿಗೆಯನ್ನೂ ತಾನಾಗಿ ಬಿಚ್ಚುವುದಿಲ್ಲ ಎಂದು ಡಾಕ್ಟರಿಗೆ ಮಾತು ಕೊಟ್ಟಿದ್ದಳು, ಉಳಿಸಿಕೊಂಡಳು. ಮನೆಯಲ್ಲಿ ಮಾತ್ರ ಮಾತ್ರೆ ಗದ್ದುಗೆಯಿಂದ ಇಳಿಯಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೆ ಮಾತ್ರೆ. ನಾಳೆ ನೀವೇ ಬಟ್ಟೆ ಒಣಗಿಸಿ ಎಂದರೆ ಮಾತ್ರೆ. "ಮಾತ್ರೆ ಬಿಟ್ರೂ ಅದರ ಬುದ್ಧಿ ಬಿಟ್ಟಿಲ್ಲ," ಎನ್ನುತ್ತಿದ್ದರು ಅತ್ತೆ.

ಒಮ್ಮೆ ಗೂಟಕ್ಕೆ ನೇತುಹಾಕಿದ್ದ ಕೋಟಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿದ್ದಳು. ಒಳಗಿನ ಗಡಸು ಬಟ್ಟೆ ಯಾವುದು, ಕಾಗದ ಯಾವುದು ಎಂದು ತಿಳಿಯಲಿಲ್ಲ. "ಮತ್ತೆ ಶುರುವಾಯ್ತಾ?" ಎಂದು ಅತ್ತೆ ಹಿಂದಿನಿಂದ ಕೂಗಿದರು. ಮರುದಿನ ಕೋಟು ಬೀಗ ಹಾಕಿದ ಬೀರು ಸೇರಿತು. ಆ ಕಣ್ಣಿನ ಡಾಕ್ಟರು ಎಂದೋ ಕ್ಲಿನಿಕ್ಕು ಮುಚ್ಚಿ ಬೇರೆ ಊರಿಗೆ ಹೋಗಿದ್ದರು. ಬರಬರುತ್ತ ಅವಳಿಗೇ ಅನುಮಾನ ಬಂತು. ಡಾಕ್ಟರ ಬರಹದ ಬಾಗು, ಎರಡು ಗೆರೆ ಎಳೆದ ಪದ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು ನಿಜ. ಕಣ್ಣಿಗೆ ಕಟ್ಟಿದಂತಿರುವುದೇ ರೋಗದ ಲಕ್ಷಣವಿರಬಹುದಲ್ಲವೇ?

ಕಳೆದ ವಾರ ರಕ್ತಪರೀಕ್ಷೆಯಲ್ಲಿ ಹಾರ್ಮೋನು ಮತ್ತೆ ಏರಿತ್ತು. ಬಿಟ್ಟರೆ ಗೆಡ್ಡೆ ಬೆಳೆದು ಬಲಗಣ್ಣಿಗೂ ಬರುತ್ತದೆ. ಹಳೆಯ ಮಾತ್ರೆಯನ್ನೇ ಕಾಲು ಭಾಗದಿಂದ ಶುರು ಮಾಡೋಣ, ಆದರೆ ಈ ಸಲ ಕಣ್ಣಿಡುವವರು ಒಬ್ಬರು ಬೇಕು ಎಂದು ಡಾಕ್ಟರು ಒಂದು ಫಾರ್ಮು ಕೊಟ್ಟರು. 'ನೋಡಿಕೊಳ್ಳುವವರು' ಎಂಬಲ್ಲಿ ಒಂದು ಖಾಲಿ ಗೆರೆ. "ತಿಂಗಳಿಗೊಮ್ಮೆ ಅವರು ಬಂದು ನಿಮ್ಮ ನಡವಳಿಕೆ ಹೇಗಿದೆ ಅಂತ ಹೇಳ್ಬೇಕು. ಅವರ ಮಾತಿನ ಮೇಲೆ ಮಾತ್ರೆ ಏರಿಸೋದು, ಇಳಿಸೋದು. ದಿನದಲ್ಲಿ ಹೆಚ್ಚು ಹೊತ್ತು ಜೊತೆಗಿರೋರು ಯಾರೋ ಅವರ ಹೆಸರನ್ನ ನೀವೇ ಬರೀಬೇಕು. ಸೋಮವಾರ ತನ್ನಿ."

"ನಾನಿದೀನಲ್ಲ, ಇನ್ಯಾರು?" ಎಂದಿದ್ದ ಗಂಡ.

ಹೌದು, ಇನ್ಯಾರು. ಚೀಟಿ ಭ್ರಮೆಯಾಗಿದ್ದರೆ ಆ ಗೆರೆಯಲ್ಲಿ ಅವನ ಹೆಸರೇ ಇರಬೇಕು. ತನ್ನ ತಲೆಯನ್ನು ತಾನು ನಂಬಲಾಗದವಳಿಗೆ ಯಾರಾದರೂ ಕಾವಲು ಬೇಕೇ ಬೇಕು. ಭ್ರಮೆಯಲ್ಲದಿದ್ದರೆ, ಇನ್ನು ಮುಂದೆ ಅವಳು ಹೇಳಿದ್ದರಲ್ಲಿ ಯಾವುದು ಅವಳದು, ಯಾವುದು ಮಾತ್ರೆಯದು ಎಂದು ಡಾಕ್ಟರ ಮುಂದೆ ಕೂತು ಹೇಳುವವನು ಅವನು.

*

ಇವತ್ತು ಬೆಳಿಗ್ಗೆ ಗಂಡ ಬೀರುವಿನ ಬೀಗ ತೆಗೆದು ಕೋಟು ಹಾಕಿಕೊಂಡು ನೋಡಿದ. ಅವನ ಕಚೇರಿಯ ಮೇಲಧಿಕಾರಿಗೆ ನಾಳಿದ್ದು ಬೀಳ್ಕೊಡುಗೆ. ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ.

"ಎರಡೂ ಪಕ್ಕ ಸ್ವಲ್ಪ ಬಿಡಿಸಿಕೊಡೋಕೆ ನಿಮ್ ಯಜಮಾನಿಗೆ ಹೇಳು. ನೀನು ಕೈ ಹಾಕ್ಬೇಡ ಮತ್ತೆ."

"ಇಲ್ಲ."

"ಲೈನಿಂಗ್ ಒಳಗೆ ಏನಾದ್ರೂ ನಿಧಿ ಸಿಕ್ರೆ ಅರ್ಧ ನಿಂಗೆ," ಎಂದು ಅವನು ನಕ್ಕ. ಅತ್ತೆಯೂ ನಕ್ಕರು. ಮಗಳು ಫೋನಿನಿಂದ ತಲೆ ಎತ್ತದೆ ಮುಗುಳ್ನಕ್ಕಳು.

ಅವನಿಗೆ ಭಯವೇ ಇರಲಿಲ್ಲ. ದಾರಿಯುದ್ದಕ್ಕೂ ಅವಳನ್ನು ಕೊರೆದದ್ದು ಅದು. ಇರುವುದನ್ನು ಇಲ್ಲ ಎನ್ನುವವನು ಹೀಗೆ ನಗಲು ಸಾಧ್ಯವೇ?

ಗುಂಡಿಗಳು ಮುಗಿದವು. ಚೀಲವನ್ನು ಎತ್ತಿ ಯಜಮಾನಿಯ ಮುಂದೆ ಇಟ್ಟಳು.

"ನಮ್ಮನೆಯವ್ರ ಕೋಟು. ಎರಡೂ ಪಕ್ಕ ಬಿಡಿಸ್ಬೇಕಂತೆ."

ಯಜಮಾನಿ ಕೋಟನ್ನು ತಿರುಗಿಸಿ, ಪಕ್ಕದ ಹೊಲಿಗೆಯನ್ನು ಹಿಸುಕಿ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎಂದು ನೋಡಿದರು. "ಒಂದಿಂಚು ಸಿಗುತ್ತೆ. ಹೊಟ್ಟೆ ಇನ್ನೂ ಬೆಳೆಸಿದ್ರೆ ನನ್ ಹತ್ರ ಬರ್ಬೇಡ ಅನ್ನು." ಆಮೇಲೆ ಲೈನಿಂಗಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನಿಂತರು. "ಈ ಅಂಚು ನಿನ್ ಕೈದು."

"ಹೂಂ."

"ಚೆನ್ನಾಗಿದೆ." ಯಜಮಾನಿ ಏಪ್ರನ್ನಿನ ಜೇಬಿಗೆ ಕೈ ಹಾಕಿ, ಕಾಗದದಲ್ಲಿ ಸುತ್ತಿದ ಅರ್ಧ ಬ್ಲೇಡನ್ನು ತೆಗೆದು ಮೇಜಿನ ಮೇಲಿಟ್ಟರು. "ನೀನೇ ಬಿಚ್ಚು."

"ನಾನಾ? ಬೇಡ ದೊಡ್ಡಕ್ಕ. ಡಾಕ್ಟ್ರಿಗೆ ಮಾತು ಕೊಟ್ಟಿದೀನಿ, ನಾನಾಗಿ ಬಿಚ್ಚಲ್ಲ ಅಂತ."

"ನೀನಾಗಿ ಎಲ್ಲಿ ಬಿಚ್ತೀಯಾ? ನಾನು ಹೇಳ್ತಿದೀನಿ, ಕೆಲಸ. ಎಷ್ಟು ದಿನ ಗುಂಡಿ ಹೊಲ್ಕೊಂಡು ಕೂರ್ತೀಯಾ? ನಾನಿಲ್ಲೇ ನಿಂತಿರ್ತೀನಿ. ಎಡ ಪಕ್ಕದಲ್ಲಿ ಲೈನಿಂಗ್ ಅಂಚು ಒಂದು ಗೇಣು. ಅಷ್ಟೇ. ಒಂದು ಹೊಲಿಗೆ ಜಾಸ್ತಿ ಹೋಯ್ತೋ, ಕಪಾಳಕ್ಕೆ ಬೀಳುತ್ತೆ."

ಇಪ್ಪತ್ತಾರು ಕೋಟುಗಳ ದಿನ ಯಜಮಾನಿ ಬೈದ ಬೈಗುಳ ರಸ್ತೆಗೆ ಕೇಳಿಸಿತ್ತಂತೆ. ನಾಲ್ಕು ದಿನ ಊಟ ನಿದ್ದೆ ಬಿಟ್ಟು ಅಷ್ಟನ್ನೂ ಮತ್ತೆ ಕೂಡಿಸಿದ್ದರು. ಒಂದು ತಿಂಗಳು ಇವಳ ಮುಖ ನೋಡಿರಲಿಲ್ಲ. ಆಮೇಲೊಂದು ದಿನ ಮನೆಯ ಬಾಗಿಲಿಗೆ ಬಂದು ನಿಂತರು. "ಇವಳ ತಪ್ಪಿಲ್ಲ, ಎಲ್ಲ ಮಾತ್ರೆ," ಎಂದು ಗಂಡ ಶುರು ಮಾಡಿದಾಗ ಅವನನ್ನು ಅರ್ಧಕ್ಕೇ ತಡೆದಿದ್ದರು. "ಮಾತ್ರೆಗೆ ಕೋಟು ಬಿಚ್ಚೋಕೆ ಬರುತ್ತೇನ್ರೀ? ಒಂದು ಕಡೆ ಬಟ್ಟೆ ಹರಿದಿರ್ಲಿಲ್ಲ, ಇಪ್ಪತ್ತಾರರಲ್ಲಿ. ಅದು ಇವಳ ಕೈ. ತಪ್ಪೂ ಇವಳದೇ, ಕೈಯೂ ಇವಳದೇ. ನಾಳೆಯಿಂದ ಬಾರೇ, ಗುಂಡಿ ಹೊಲಿ." ಆ ಮನೆಯಲ್ಲಿ ಅವಳನ್ನು ಕ್ಷಮಿಸದೆ ಹೋದವರು ಅವರೊಬ್ಬರೇ. ಆ ರಾತ್ರಿ ಅವಳು ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಮಲಗಿದ್ದಳು.

ಬ್ಲೇಡು ಬೆರಳಿಗೆ ಬಂತು. ಮೊದಲ ದಾರ ಟಿಕ್ ಎಂದಿತು. ಅವಳು ಉಸಿರು ಹಿಡಿದು ಕಾದಳು, ಆ ಸಿಹಿ ಬರುತ್ತದೆಯೇ ಎಂದು. ಬರಲಿಲ್ಲ. ದಾರ ಬರಿಯ ದಾರವಾಗಿತ್ತು. ಎರಡು, ಮೂರು, ನಾಲ್ಕು. ಒಂದು ಗೇಣು ಮುಗಿದಲ್ಲಿ ಕೈ ತಾನಾಗಿ ನಿಂತಿತು. ಬ್ಲೇಡನ್ನು ಕಾಗದದ ಮೇಲಿಟ್ಟಳು.

"ನಿಲ್ಲಿಸ್ಬೇಕಾದಲ್ಲಿ ನಿಲ್ಲಿಸ್ದೆ," ಎಂದರು ಯಜಮಾನಿ. ಅದು ಮೆಚ್ಚುಗೆಯಲ್ಲ, ಅಳತೆ ಓದಿದಂತಿತ್ತು.

ಬಿಚ್ಚಿದ ಜಾಗದಲ್ಲಿ ಅವಳು ಎರಡು ಬೆರಳು ತೂರಿಸಿದಳು. ನುಣುಪು ಬಟ್ಟೆ. ಧೂಳಿನ ಉಂಡೆ. ಗಡಸು ಬಟ್ಟೆಯ ಅಂಚು. ಇನ್ನೂ ಒಳಗೆ, ಮೂಲೆಯಲ್ಲಿ, ಬಟ್ಟೆಯಲ್ಲದ್ದು ಏನೋ ಉಗುರಿಗೆ ತಗುಲಿ ಸರಿಯಿತು.

ನಾಲ್ಕಾಗಿ ಮಡಿಸಿದ ಚೀಟಿ. ಮಡಿಕೆಗಳಲ್ಲಿ ಹಳದಿಯಾಗಿತ್ತು. ಮೇಲೆ ಕಣ್ಣಿನ ಕ್ಲಿನಿಕ್ಕಿನ ಮೊಹರು, ಅದರ ಕೆಳಗೆ ರೋಗಿಯ ಹೆಸರು, ಅವಳದು. ತಾರೀಕು, ಅವಳ ಸ್ಕ್ಯಾನಿಗೆ ಹದಿನಾಲ್ಕು ತಿಂಗಳು ಮುಂಚಿನದು. 'ಎರಡೂ ಕಣ್ಣಿನ ಹೊರಬದಿಯ ನೋಟ ಕಡಿಮೆಯಾಗಿದೆ. ತಡಮಾಡದೆ ತಲೆಯ ಸ್ಕ್ಯಾನ್ ಮಾಡಿಸಬೇಕು.' ತಡಮಾಡದೆ ಎಂಬುದರ ಕೆಳಗೆ ಎರಡು ಗೆರೆ.

ಅಳು ಬರುತ್ತದೆ ಎಂದುಕೊಂಡಿದ್ದಳು. ಬಂದದ್ದು ಒಂದು ವಿಚಿತ್ರ ಆಯಾಸ. ಈಗ ಸೀದಾ ಮನೆಗೆ ಹೋಗಿ ಇದನ್ನು ಗಂಡನ ಮುಖಕ್ಕೆ ಹಿಡಿದರೆ ಏನಾಗುತ್ತದೆ ಎಂದು ಅವಳಿಗೆ ಹೊಲಿಗೆಯ ಲೆಕ್ಕದಷ್ಟು ಸ್ಪಷ್ಟವಾಗಿ ಕಂಡಿತು. ಅವನು ಓದುತ್ತಾನೆ. ಹಣೆ ಒರೆಸಿಕೊಳ್ಳುತ್ತಾನೆ. "ಅಯ್ಯೋ, ಅಮ್ಮ ಬಿದ್ದ ಗಡಿಬಿಡಿಯಲ್ಲಿ ಮರೆತೇ ಹೋಯ್ತು ನೋಡು," ಎನ್ನುತ್ತಾನೆ. "ನನ್ನಿಂದ ಹೀಗಾಯ್ತಲ್ಲಪ್ಪ," ಎಂದು ಅತ್ತೆ ಅಳುತ್ತಾರೆ. ಎಲ್ಲರೂ ಅವರಿಬ್ಬರನ್ನು ಸಮಾಧಾನ ಮಾಡುತ್ತಾರೆ. ಕೊನೆಗೆ ಕ್ಷಮಿಸುವ ಸರದಿ ಅವಳದಾಗುತ್ತದೆ. ಅವನು ನಿಜವಾಗಿಯೇ ಮರೆತಿರಲೂಬಹುದು. ಬೆಳಗಿನ ನಗು ಅದೇ ಇರಬೇಕು. ಹೆಂಡತಿಯ ಕಣ್ಣನ್ನು ಜೇಬಿನಲ್ಲಿಟ್ಟು, ಜೇಬು ಹರಿದು, ಮರೆತು.

"ಏನ್ ಸಿಕ್ತು?" ಎಂದರು ಯಜಮಾನಿ, ಚಾಕ್‌ಪೀಸು ಹುಡುಕುತ್ತ.

"ಒಂದು ಚೀಟಿ."

"ಕವರಿಗೆ ಹಾಕಿ ಪಿನ್ ಮಾಡು. ನಿನ್ ಗಂಡಂದಾದ್ರೂ ನಿಯಮ ನಿಯಮನೇ."

"ಚೀಟಿ ಮೇಲೆ ಬೇರೆಯವರ ಹೆಸರಿದೆ ದೊಡ್ಡಕ್ಕ."

ಯಜಮಾನಿ ಕನ್ನಡಕದ ಮೇಲಿಂದ ನೋಡಿದರು. "ಹೆಂಗಸಿಂದಾ?"

"ಹೂಂ. ಹೆಂಗಸಿಂದೇ."

"ಅಯ್ಯೋ ಅವನ..." ಎಂದು ಶುರು ಮಾಡಿ, ಮುಂದಿನದನ್ನು ನುಂಗಿಕೊಂಡರು. ಆಮೇಲೆ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ಯಾರ ಹೆಸರಿದೆಯೋ ಅವರದು ಅದು. ಅವರಿಗೇ ತಲುಪಿಸು. ಅದೂ ನಿಯಮನೇ," ಎಂದರು. ಏನು ಊಹಿಸಿಕೊಂಡರೋ, ಅವಳು ತಿದ್ದಲು ಹೋಗಲಿಲ್ಲ.

ಪುಸ್ತಕ ತೆಗೆದು ಬರೆದಳು. ಬೂದು ಕೋಟು. ಸಿಕ್ಕಿದ್ದು: ಚೀಟಿ, ಒಂದು. ವಾರಸುದಾರರಿಗೆ ತಲುಪಿದೆ. ಯಜಮಾನಿ ಓದದೆ ಸಹಿ ಹಾಕಿದರು. ಆಮೇಲೆ ಯಜಮಾನಿ ಹೇಳಿದಂತೆ ಎರಡೂ ಪಕ್ಕ ಬಿಚ್ಚಿ, ಒಂದಿಂಚು ಸಡಿಲ ಮಾಡಿ, ಒಳಜೇಬಿನ ಹರಿದ ಮೂಲೆಯನ್ನೂ ಹೊಲಿದು, ಅವಳು ಕೋಟನ್ನು ಸಂಜೆಯೊಳಗೆ ಮುಗಿಸಿದಳು. ಬ್ಲೇಡನ್ನು ಕೇಳುವ ಮುಂಚೆಯೇ ತಿರುಗಿ ಕೊಟ್ಟಳು.

*

"ನಿಮ್ ಯಜಮಾನಿ ಕೈ ಅಂದ್ರೆ ಕೈ," ಎಂದ ಗಂಡ ಕನ್ನಡಿಯ ಮುಂದೆ, ಅತ್ತ ಇತ್ತ ತಿರುಗುತ್ತ. "ಬಿಚ್ಚಿದ್ದೇ ಗೊತ್ತಾಗಲ್ಲ. ನಿಧಿ ಸಿಕ್ತಾ?"

"ಇಲ್ಲ."

"ನೋಡಿದ್ಯಾ? ನಾನೇನ್ ಹೇಳಿದ್ದೆ?" ಅವನು ಅವಳ ಎಡಭುಜವನ್ನು ತಟ್ಟಿದ. ಆ ಕಡೆಯಿಂದ ಕೈ ಬಂದದ್ದು ಕಾಣದೆ ಅವಳು ಬೆಚ್ಚಿದಳು. "ಹೋಗ್ಲಿ ಬಿಡು, ಈಗಲಾದ್ರೂ ಮನಸ್ಸಿಗೆ ನೆಮ್ಮದಿ ಆಯ್ತಲ್ಲ. ಆ ಫಾರ್ಮು ತಾ, ಹೆಸರು ಬರೆದುಬಿಡ್ತೀನಿ."

"ನಾನೇ ಬರೀಬೇಕಂತೆ."

"ಬರಿ ಮತ್ತೆ. ಕಾಗುಣಿತ ತಪ್ಪಬೇಡ."

ಒಳಕೋಣೆಯಲ್ಲಿ ಅವಳು ಆಸ್ಪತ್ರೆಯ ಫೈಲು ತೆಗೆದಳು. ತಾರೀಕಿನ ಪ್ರಕಾರ ಜೋಡಿಸಿದ ಹಾಳೆಗಳು. ಎಲ್ಲಕ್ಕಿಂತ ಮೇಲೆ ಮೊದಲ ಸ್ಕ್ಯಾನು. ಚೀಟಿಯನ್ನು ಬಿಡಿಸಿ, ಮಡಿಕೆಗಳನ್ನು ಉಗುರಿನಿಂದ ತೀಡಿ, ಅದರ ಮೇಲಿಟ್ಟಳು. ಸೋಮವಾರ ಡಾಕ್ಟರು ಫೈಲು ತೆರೆದರೆ ಅದೇ ಮೊದಲು ಕಣ್ಣಿಗೆ ಬೀಳುತ್ತದೆ. ಅವರು ಕೇಳಿದರೆ ಹೇಳಬಹುದು. ಕೇಳದಿದ್ದರೂ ಅದು ಅಲ್ಲಿರುತ್ತದೆ.

ಫಾರ್ಮನ್ನು ಮಂಡಿಯ ಮೇಲಿಟ್ಟುಕೊಂಡು ಖಾಲಿ ಗೆರೆಯನ್ನು ನೋಡಿದಳು. ದಿನದಲ್ಲಿ ಹೆಚ್ಚು ಹೊತ್ತು ಜೊತೆಗಿರುವವರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು. ಹತ್ತೊಂಬತ್ತು ವರ್ಷ. ಕೇಳಿದರೆ ಮೊದಲು ಬೈಯುತ್ತಾರೆ, "ನಾನೇನು ನಿನ್ ಅತ್ತೇನಾ?" ಎನ್ನುತ್ತಾರೆ. ಆಮೇಲೆ ಕನ್ನಡಕ ಒರೆಸಿಕೊಂಡು ಎಲ್ಲಿ ಸಹಿ ಹಾಕಬೇಕು ಎಂದು ಕೇಳುತ್ತಾರೆ. ತಪ್ಪಿದರೆ ತಪ್ಪಿತು ಎಂದೇ ಹೇಳುತ್ತಾರೆ. ಅದು ಸಾಕು. ಮದುವೆಯಾದ ಇಪ್ಪತ್ತೆರಡು ವರ್ಷದ ಮೇಲೆ ತನ್ನ ಮನೆಯಲ್ಲಿ ಬರೆಯಲು ಒಂದು ಹೆಸರು ಸಿಗಲಿಲ್ಲ ಎಂಬುದು ಕಹಿಯಾಗಿತ್ತು.

ಎದ್ದು ಮೇಜಿನ ಖಾನೆ ಎಳೆದು ತಡಕಾಡಿದಳು. ಸದ್ದಿಗೆ ಅತ್ತೆಯ ಕೋಲು ಬಾಗಿಲಿಗೆ ಬಂತು.

"ಏನ್ ಹುಡುಕ್ತಿದೀಯಾ? ಬ್ಲೇಡಾ?"

"ಅಲ್ಲ ಅತ್ತೆ. ಪೆನ್ನು."